ಅಂಗಾರನಿಗೆ ಸೇರಿಸಿದ ಎಂಟು ವರ್ಷ

ಮೈಸೂರು ಪೇಟ ಕಂಡರೆ ನನಗೆ ಈಗಲೂ ಆಗುವುದಿಲ್ಲ. ಹುಟ್ಟಿ ಬೆಳೆದದ್ದು ಮೈಸೂರಿನಲ್ಲೇ, ಆದರೂ. ಶಾಲು, ಹಾರ, ಹಣ್ಣಿನ ಬುಟ್ಟಿ, ಫ್ರೇಮು ಹಾಕಿಸಿದ ಸನ್ಮಾನಪತ್ರ, ಈ ಸಾಮಾನುಗಳೆಲ್ಲ ಒಟ್ಟಾಗಿ ವೇದಿಕೆಗೆ ಬಂದರೆ ನಾನು ಎದ್ದು ಹೊರಗೆ ಹೋಗುತ್ತೇನೆ. ೧೯೯೫ರ ಮಾರ್ಚಿನಲ್ಲಿ ಮಸ್ಕತ್ತಿನ ಖುರುಮ್ ಬಡಾವಣೆಯ ಹೋಟೆಲೊಂದರ ಹಾಲಿನಲ್ಲಿ ಅಂಗಾರನೆಂಬ ಅಡುಗೆಯವನಿಗೆ ಅಲ್ಲಿನ ನಮ್ಮ ಕನ್ನಡಿಗರ ಸಂಘದವರು ಮಾಡಿದ ಸನ್ಮಾನವನ್ನು ನೋಡಿದ ಮೇಲೆ ಹೀಗಾಗಿದೆ. ನೋಡಿದ ಮೇಲೆ ಎಂದರೆ ಪೂರ್ತಿ ನಿಜವಲ್ಲ. ಆ ಸನ್ಮಾನಪತ್ರ ಬರೆದವನೇ ನಾನು.

ಅಂಗಾರ ಮೂಡಬಿದಿರೆಯ ಕಡೆಯವನು. ಮಂಗಳವಾರ ಹುಟ್ಟಿದ್ದರಿಂದ ತುಳುನಾಡಿನ ಬಡವರ ಮನೆಯ ರೂಢಿಯಂತೆ ಅಂಗಾರ ಎಂದು ಹೆಸರು. ತಾಯಿ ಊರಿನ ದೊಡ್ಡ ಮನೆಯೊಂದರಲ್ಲಿ ಹೊರಗೆಲಸದವಳು. ಆ ಮನೆಯ ಯಜಮಾನಿಗೂ ಅವಳಿಗೂ ೧೯೪೧ರ ಒಂದೇ ಆಟಿ ತಿಂಗಳಲ್ಲಿ, ಎರಡೇ ದಿನದ ಅಂತರದಲ್ಲಿ ಹೆರಿಗೆಯಾಯಿತು. ಯಜಮಾನಿಯ ಮಗ ಭೋಜರಾಜ, ಅಂಗಾರನ ಬಾಯಲ್ಲಿ ಯಾವಾಗಲೂ ಧನಿ. ಅವನಿಗೆ ಜಾತಕ ಬರೆಸಿದರು. ಅಂಗಾರನಿಗೆ ಬರೆಸುವವರು ಯಾರಿದ್ದರು? ಹುಟ್ಟಿದ ದಿನ ಯಾವುದೆಂದು ಕೇಳಿದವರಿಗೆಲ್ಲ ಅವನು ಜೀವಮಾನವಿಡೀ ಒಂದೇ ಉತ್ತರ ಕೊಟ್ಟ. ಧನಿಗಳ ಜಾತಕ ಉಂಟಲ್ಲ, ಅದಕ್ಕೆ ಎರಡು ದಿವಸ ಮೊದಲು ನಾನು, ಎನ್ನುತ್ತಿದ್ದ.

೧೯೭೮ರಲ್ಲಿ ಇಬ್ಬರೂ ಒಟ್ಟಿಗೆ ಬೊಂಬಾಯಿಗೆ ಹೋದರು. ಧನಿಗೆ ಮಸ್ಕತ್ತಿನ ಕಂಪನಿಯಲ್ಲಿ ಆಫೀಸು ಕೆಲಸ, ಅಂಗಾರನಿಗೆ ಅದೇ ಕಂಪನಿಯ ಕ್ಯಾಂಪಿನಲ್ಲಿ ಅಡುಗೆ. ಇಬ್ಬರಿಗೂ ಆಗ ಮೂವತ್ತೇಳು. ಆದರೆ ಆಫೀಸಿಗೆ ಕಂಪನಿ ಕೇಳಿದ್ದು ಮೂವತ್ತರ ಒಳಗಿನವರನ್ನು, ಅಡುಗೆಗೆ ಕೇಳಿದ್ದು ನಲವತ್ತೈದಾದ ಅನುಭವಸ್ಥರನ್ನು. ಪ್ರಾಯವಾದ ಅಡುಗೆಯವನು ಕುಡಿದು ಓಡಿಹೋಗುವುದಿಲ್ಲವೆಂದು ಯಾರೋ ಲೆಕ್ಕ ಹಾಕಿದ್ದರಂತೆ. ಏಜೆಂಟನಿಗೆ ಇದೇನು ದೊಡ್ಡ ಸಂಗತಿ? ಒಂದೇ ಮೇಜಿನ ಮೇಲೆ, ಒಂದೇ ಮಧ್ಯಾಹ್ನ, ಧನಿಯಿಂದ ಎಂಟು ವರ್ಷ ಕಳೆದು ಆಳಿಗೆ ಎಂಟು ವರ್ಷ ಕೂಡಿಸಿದ. ಭೋಜರಾಜ ೧೯೪೯ರಲ್ಲಿ ಹುಟ್ಟಿದ, ಅಂಗಾರ ೧೯೩೩ರಲ್ಲಿ. ಒಂದೇ ವಾರ ಹುಟ್ಟಿದವರ ನಡುವೆ ಪಾಸ್‌ಪೋರ್ಟಿನಲ್ಲಿ ಹದಿನಾರು ವರ್ಷದ ಅಂತರವಾಯಿತು. ಅಂಗಾರ ಇದನ್ನು ನನಗೆ ನಗುತ್ತಲೇ ಹೇಳಿದ್ದ.

ನಾನು ಚಲುವರಾಜು. ಆ ಕಂಪನಿಯ ಖುರುಮ್ ಆಫೀಸಿನಲ್ಲಿ ೧೯೮೪ರಿಂದ ಸೆಕ್ರೆಟರಿ. ವೀಸಾ, ಲೇಬರ್ ಕಾರ್ಡು, ಸರಕಾರಕ್ಕೆ ಹೋಗುವ ಕಾಗದ, ಎಲ್ಲ ನನ್ನ ಟೈಪ್‌ರೈಟರಿನಿಂದಲೇ ಹೊರಡಬೇಕು. ಕಂಪನಿಯದು ಮರಳು, ಜಲ್ಲಿ, ಲಾರಿಗಳ ವ್ಯವಹಾರ. ಒಡೆಯ ಒಬ್ಬ ಮುದಿ ಒಮಾನಿ. ನಮ್ಮೆಲ್ಲರ ಕಫೀಲ್, ಅಂದರೆ ವೀಸಾದ ಹೊಣೆ ಹೊತ್ತವನು, ಅವನೇ, ಕರೆಯುವುದು ಅರಬಾಬ್ ಎಂದು. ನಾನು ಸೇರುವಾಗ ಭೋಜರಾಜರು ಆಫೀಸು ಮ್ಯಾನೇಜರರಾಗಿದ್ದರು, ನಮ್ಮ ಸಂಘದ ಅಧ್ಯಕ್ಷರೂ ಆಗಿದ್ದರು. ಅವರಿಗೆ ಬಹುವಚನ ಹಚ್ಚುವುದು ಕೈಗೆ ಅಂಟಿದ ಚಾಳಿ, ಈಗ ಬಿಡಲು ನೋಡಿದರೂ ಬರುವುದಿಲ್ಲ.

ಅಂಗಾರ ಹತ್ತು ವರ್ಷ ಒಳನಾಡಿನ ಇಬ್ರಿಯ ಕ್ಯಾಂಪಿನಲ್ಲಿ ಎಂಬತ್ತು ಜನರಿಗೆ ಬೇಯಿಸಿ ಹಾಕಿದ. ತಗಡಿನ ಮಾಡು, ಜೂನ್ ತಿಂಗಳ ಬಿಸಿಲು, ಮೂರು ಒಲೆ. ಪಠಾಣರಿಗೆ ರೊಟ್ಟಿ, ಮಲಯಾಳಿಗಳಿಗೆ ಮೀನು, ನಮ್ಮವರಿಗೆ ಕುಚ್ಚಲಕ್ಕಿ ಅನ್ನ. ವರ್ಷಕ್ಕೊಮ್ಮೆ ಅಷ್ಟಮಿಗೆ ಅವನನ್ನು ಮಸ್ಕತ್ತಿಗೆ ಕರೆಸಿ ಇನ್ನೂರು ಜನರಿಗೆ ಪತ್ರೊಡೆ ಮಾಡಿಸುತ್ತಿದ್ದರು. ಅವನ ಕೈಯ ಪತ್ರೊಡೆ ಎಲ್ಲರಿಗೂ ಬೇಕು. ಆದರೆ ಬಡಿಸುವುದಕ್ಕೆ ಬೇರೆಯವರು ನಿಲ್ಲಬೇಕು. ಭೋಜರಾಜರ ಹೆಂಡತಿ ದಮಯಂತಿ ಅಮ್ಮನವರು ಇದನ್ನು ಬಹಳ ನಯವಾಗಿ ಏರ್ಪಾಟು ಮಾಡುತ್ತಿದ್ದರು, ಪಾಪ ಅಂಗಾರನಿಗೆ ಸುಸ್ತಾಗಿರುತ್ತದೆ, ಒಳಗೇ ಕೂತಿರಲಿ ಎಂದು. ವಿದೇಶಕ್ಕೆ ಬಂದರೂ ನಮ್ಮ ಜನ ಯಾವುದನ್ನು ಮರೆತರೂ ಇದನ್ನು ಮರೆಯುವುದಿಲ್ಲ, ಥೂ.

೧೯೮೮ರಲ್ಲಿ ಲಾರಿ ಡ್ರೈವರ್ ಇದಿನಬ್ಬನಿಗೆ ಲಕ್ವ ಹೊಡೆಯಿತು. ಬ್ಯಾರಿ ಮುಸಲ್ಮಾನ, ಅಂಗಾರನ ಊರಿನವನೇ. ಬಲಭಾಗ ಪೂರ್ತಿ ಬಿದ್ದುಹೋಯಿತು, ಮಾತು ತೊದಲಾಯಿತು. ಹೆಂಡತಿ ತೀರಿಹೋಗಿದ್ದಳು, ಮಕ್ಕಳಿಲ್ಲ. ಊರಿಗೆ ಕಳಿಸುತ್ತೇವೆಂದು ಬರೆದರೆ ಅಣ್ಣನ ಮಕ್ಕಳಿಂದ ದಯವಿಟ್ಟು ಕಳಿಸಬೇಡಿ ಎಂದು ಉತ್ತರ ಬಂತು. ಅರಬಾಬ್ ಆ ಕಾಗದವನ್ನು ನನ್ನಿಂದ ಓದಿಸಿಕೊಂಡು ಮಡಚಿ ಜೇಬಿಗೆ ಹಾಕಿಕೊಂಡ. ನನ್ನ ಮೊದಲನೆಯ ಲಾರಿ ಓಡಿಸಿದವನು ಇವನು, ಎಲ್ಲಿಗೂ ಹೋಗುವುದಿಲ್ಲ, ಖಲಾಸ್, ಎಂದ. ಮಸ್ಕತ್ತಿನಿಂದ ದೂರದ ಸಹಮ್ ಎಂಬ ಊರಿನಲ್ಲಿ ಲಾರಿ ನಿಲ್ಲಿಸುವ ಅಂಗಳದ ಹಿಂದೆ, ಖರ್ಜೂರದ ಮರಗಳ ಪಕ್ಕ, ನಾಲ್ಕು ಕೋಣೆ ಕಟ್ಟಿಸಿದ. ಆಮೇಲೆ ಕಣ್ಣು ಮಂಜಾದ ಗಾರೆ ಮೇಸ್ತ್ರಿ ಪೂವಪ್ಪ ಬಂದ, ಇನ್ನೊಬ್ಬ ಮುದಿ ಪಠಾಣ ಬಂದ. ಹೋಗಲು ಜಾಗವಿಲ್ಲದ ಮುದುಕರ ಒಂದು ಸಣ್ಣ ಕೇರಿಯೇ ಆಯಿತು.

ಅಂಗಾರ ತಾನಾಗಿ ಕೇಳಿಕೊಂಡು ಇಬ್ರಿಯಿಂದ ಸಹಮ್‌ಗೆ ಬಂದ. ಮೂವರಿಗೆ ಅಡುಗೆ ಮಾಡುವುದು, ಇದಿನಬ್ಬನನ್ನು ನೋಡಿಕೊಳ್ಳುವುದು. ಮೀಯಿಸುತ್ತಿದ್ದ, ಮಲಮೂತ್ರ ಬಳಿಯುತ್ತಿದ್ದ, ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸುತ್ತಿದ್ದ. ನಮಾಜಿನ ಹೊತ್ತಿಗೆ ಮುಖ ಕೈ ಒರೆಸಿ, ಮಂಚವನ್ನು ಪಶ್ಚಿಮಕ್ಕೆ ತಿರುಗಿಸಿ, ಮುಗಿಯುವ ತನಕ ಹೊರಗೆ ನಿಲ್ಲುತ್ತಿದ್ದ. ಇದಿನಬ್ಬನ ತೊದಲು ಮಾತು ಪೂರ್ತಿ ಅರ್ಥವಾಗುತ್ತಿದ್ದದ್ದು ಅವನೊಬ್ಬನಿಗೆ. ಉಳಿದ ನಾವೆಲ್ಲ ಅರ್ಧ ಕೇಳಿ ತಲೆಯಾಡಿಸುತ್ತಿದ್ದೆವು. ಆರು ವರ್ಷ ಮಲಗಿದ ಮನುಷ್ಯನ ಬೆನ್ನಿನಲ್ಲಿ ಒಂದು ಹುಣ್ಣಿಲ್ಲವೆಂದು ಸೊಹಾರಿನ ಡಾಕ್ಟರು ಆಶ್ಚರ್ಯಪಟ್ಟಿದ್ದರು.

೧೯೯೪ರ ಕೊನೆಗೆ ಹೊಸ ನಿಯಮ ಬಂತು. ಕೆಲಸ ಮಾಡಲಾಗದ ಮುದುಕರನ್ನು ಇಟ್ಟುಕೊಂಡ ಕಂಪನಿಗಳು ಅದಕ್ಕೆ ಪರವಾನಗಿ ಪಡೆಯಬೇಕು. ಕೋಣೆಗೆ ಗಾಳಿ ಬೆಳಕು ಇರಬೇಕು, ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಕಂಬಿ ಇರಬೇಕು, ನೋಡಿಕೊಳ್ಳುವವನಿಗೆ ಸರ್ಟಿಫಿಕೇಟು ಇರಬೇಕು, ಅವನ ಪ್ರಾಯ ಅರವತ್ತು ದಾಟಿರಬಾರದು. ನನಗೆ ಈ ನಿಯಮದ ಮೇಲೆ ಸಿಟ್ಟಿಲ್ಲ. ಬೇರೆ ಅಂಗಳಗಳಲ್ಲಿ ಮುದುಕರನ್ನು ಹೇಗೆ ಬಿಸಾಡಿದ್ದರೆಂದು ಕಣ್ಣಾರೆ ಕಂಡಿದ್ದೇನೆ. ತಪಾಸಣೆಗೆ ಬಂದ ಒಮಾನಿ ಅಧಿಕಾರಿ ಸಭ್ಯ ಮನುಷ್ಯ. ಇದಿನಬ್ಬನ ಬೆನ್ನು ನೋಡಿ ಮಾಶಾ ಅಲ್ಲಾ ಎಂದ. ಇಷ್ಟು ವರ್ಷದ ಅನುಭವವಿದ್ದರೆ ಒಂದು ಸಣ್ಣ ಪರೀಕ್ಷೆ ಕೊಟ್ಟು ಸರ್ಟಿಫಿಕೇಟು ತೆಗೆದುಕೊಳ್ಳಬಹುದು ಎಂದ. ಆಮೇಲೆ ಅಂಗಾರನ ಪಾಸ್‌ಪೋರ್ಟು ತೆರೆದು ನೋಡಿದ. ಅರವತ್ತೊಂದು.

ಇದು ತಪ್ಪು, ಇವನಿಗೆ ಐವತ್ತಮೂರೇ, ಎಂದು ನಾನು ಹೇಳಿದೆ. ತಪ್ಪಿದ್ದರೆ ಸರಿಮಾಡಿಸಿ ತನ್ನಿ, ಮೂರು ತಿಂಗಳು ಕಾಯುತ್ತೇನೆ ಎಂದ ಆ ಅಧಿಕಾರಿ. ಅರಬಾಬ್ ಕೂಡ ಅದನ್ನೇ ಹೇಳಿದ, ಕಾಗದ ಸರಿಮಾಡಿ, ಅಂಗಾರ ಇಲ್ಲೇ ಇರಲಿ. ಎಂಬೆಸಿಗೆ ಹೋಗಿ ವಿಚಾರಿಸಿದೆ. ಜನನದ ದಾಖಲೆ ಇಲ್ಲ, ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಹಾಗಾದರೆ ಒಂದೇ ದಾರಿ, ಅವನ ಊರಿನವನೇ ಆದ, ಅವನಷ್ಟೇ ಪ್ರಾಯದ ಅಥವಾ ಅವನಿಗಿಂತ ಹಿರಿಯನಾದ ಒಬ್ಬ ಮನುಷ್ಯ ಇವನು ಇಂಥ ವರ್ಷ ಹುಟ್ಟಿದ್ದೆಂದು ಪ್ರಮಾಣಪತ್ರ ಕೊಡಬೇಕು. ಒಬ್ಬ ಸಾಕು.

ಆ ಮೂರು ತಿಂಗಳಲ್ಲಿ ನಾನು ಏಳು ಸಲ ಸಹಮ್‌ಗೆ ಹೋದೆ. ಇದಿನಬ್ಬನ ಮಂಚದ ಕಾಲ ಬಳಿ ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ಫೈಲು ಇಟ್ಟುಕೊಂಡು ಫಾರಂಗಳನ್ನು ತುಂಬಿದೆ. ಸಾಕ್ಷಿ ಯಾರೆಂದು ಕೇಳಿದಾಗ ಅಂಗಾರ ಒಂದು ಕ್ಷಣವೂ ಯೋಚಿಸಲಿಲ್ಲ.

"ಧನಿಗಳು ಇದ್ದಾರಲ್ಲ ರಾಜು ಸಾರ್. ಸಾಕ್ಷಿ ಅಂದ್ರೆ ಮಾತಿಗೆ ತೂಕ ಇರುವವರು ಬೇಕಲ್ಲ. ಅವರು ಒಂದು ಸೈನು ಹಾಕಿದ್ರೆ ಮುಗೀತು."

ನನಗೂ ಅದೇ ಸರಿಯೆನಿಸಿತು. ದೊಡ್ಡ ಮನುಷ್ಯ, ಸಂಘದ ಅಧ್ಯಕ್ಷ, ಒಂದೇ ವಾರ ಹುಟ್ಟಿದವನು, ಜಾತಕ ಬೇರೆ ಇದೆ. ಇದಕ್ಕಿಂತ ಒಳ್ಳೆಯ ಸಾಕ್ಷಿ ಎಲ್ಲಿ ಸಿಗುತ್ತದೆ? ಟೈಪು ಮಾಡಿದ ಪ್ರಮಾಣಪತ್ರ ಹಿಡಿದು ಭೋಜರಾಜರ ಕೋಣೆಗೆ ಹೋದೆ. ಅವರು ಅದನ್ನು ಎರಡು ಸಲ ಓದಿದರು. ಎದ್ದು ಹೋಗಿ ಬಾಗಿಲು ಮುಚ್ಚಿ ಬಂದರು.

"ನನ್ನ ಡೇಟ್ ಆಫ್ ಬರ್ತ್ ನಲವತ್ತೊಂಬತ್ತು. ಅವನು ನಲವತ್ತೊಂದರಲ್ಲಿ ಹುಟ್ಟಿದ್ದು ಅಂತ ನಾನು ಹೇಳ್ಲಿಕ್ಕೆ ಹೇಗಾಗ್ತದೆ? ಸುಳ್ಳು ಸಾಕ್ಷಿ ಹೇಳುವ ಜನ ಅಲ್ಲ ನಾವು, ರಾಜು."

ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಆ ಮನುಷ್ಯ ಆ ಮಾತನ್ನು ಮನಸಾರೆ ನಂಬಿದ್ದರೆಂದೇ ನನಗೆ ಅನ್ನಿಸಿತು. ಹದಿನೇಳು ವರ್ಷ ಒಂದು ಸುಳ್ಳನ್ನು ಉಟ್ಟು ತೊಟ್ಟು ಓಡಾಡಿ ಅದು ಮೈಯ ಚರ್ಮವೇ ಆಗಿಹೋಗಿತ್ತು. ಆ ವರ್ಷ ಅವರು ಜನರಲ್ ಮ್ಯಾನೇಜರ್ ಆಗುವುದಿತ್ತು, ಆ ಹುದ್ದೆಗೆ ಐವತ್ತರ ಒಳಗಿನವರೇ ಬೇಕೆಂದು ಅರಬಾಬನ ಮಗ ಪಟ್ಟು ಹಿಡಿದಿದ್ದ. ಇವರಿಗೆ ಆಗಲೇ ಐವತ್ತಮೂರು. ತಲೆಗೆ ಬಣ್ಣ ಹಾಕುತ್ತಿದ್ದರು, ಮೀಸೆಗೆ ಕೂಡ.

ಆಮೇಲೆ ಅವರೇ ದಾರಿ ತೋರಿಸಿದರು. ನಾವು ಇಲ್ಲಿ ಅತಿಥಿಗಳು, ಈ ದೇಶದ ಕಾನೂನಿಗೆ ತಲೆಬಾಗಬೇಕು, ಅಂಗಾರನೂ ಎಷ್ಟು ದಿನ ಅಂತ ದುಡಿಯಬೇಕು, ಅವನನ್ನು ಖಾಲಿ ಕೈಯಲ್ಲಿ ಕಳಿಸುವುದು ಬೇಡ, ಸಂಘದ ವತಿಯಿಂದ ಒಂದು ಗ್ರ್ಯಾಂಡ್ ಸನ್ಮಾನ ಮಾಡುವ, ಎಂದರು. ಸನ್ಮಾನಪತ್ರ ಬರೆಯುವ ಕೆಲಸ ನನ್ನ ತಲೆಗೆ ಕಟ್ಟಿದರು. ಧನಿಗಳು ಸೈನು ಹಾಕುವುದಿಲ್ಲವೆಂದು ಸಹಮ್‌ಗೆ ಹೋಗಿ ಅಂಗಾರನಿಗೆ ಹೇಳಿದವನೂ ನಾನೇ. ನಾನು ಅರಬಾಬನ ಬಳಿ ಹೋಗಿ ನಿಜ ಹೇಳಬಹುದಿತ್ತು. ಹೇಳಲಿಲ್ಲ. ನನ್ನ ವೀಸಾದ ಕಾಗದಕ್ಕೆ ಸಹಿ ಹಾಕುವವರು ಭೋಜರಾಜರು, ಮಗಳು ಇಲ್ಲಿನ ಇಂಡಿಯನ್ ಸ್ಕೂಲಿನಲ್ಲಿ ಒಂಬತ್ತನೇ ಕ್ಲಾಸು. ಕಾರಣಕ್ಕೇನು ಬರ. ಆ ರಾತ್ರಿ ಕೂತು 'ಹಿರಿಯ ಚೇತನ' ಎಂದು ಬರೆದೆ, 'ಅರವತ್ತೆರಡು ವಸಂತಗಳನ್ನು ಕಂಡ' ಎಂದು ಬರೆದೆ. ನನ್ನ ಬರವಣಿಗೆಯ ಬಗ್ಗೆ ನನಗೇ ಅಷ್ಟು ಹೇಸಿಗೆ ಹಿಂದೆಂದೂ ಆಗಿರಲಿಲ್ಲ.

ಸನ್ಮಾನದ ದಿನ ಹೋಟೆಲಿನ ಹಾಲು ಜನರಿಂದ ತುಂಬಿತ್ತು. ಹದಿನೇಳು ವರ್ಷ ಎಲ್ಲರ ಬಾಯಲ್ಲೂ ಬರೀ ಅಂಗಾರನಾಗಿದ್ದವನು ಅಂದು ಮೈಕಿನಲ್ಲಿ ಶ್ರೀಯುತ ಅಂಗಾರರವರಾದ. ದಮಯಂತಿ ಅಮ್ಮನವರು ಆರತಿ ಎತ್ತಿಸಿದರು. ತಲೆಗೆ ಪೇಟ ಇಟ್ಟರು. ಅದು ದೊಡ್ಡದಾಗಿ ಹುಬ್ಬಿನ ತನಕ ಜಾರುತ್ತಿತ್ತು, ಅವನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದ. ಭೋಜರಾಜರು ಇಪ್ಪತ್ತು ನಿಮಿಷ ಮಾತಾಡಿದರು. ತಾನು ಪುಟ್ಟ ಮಗುವಾಗಿದ್ದಾಗ ಈ ಅಂಗಾರಣ್ಣ ತನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ತೋಡು ದಾಟಿಸುತ್ತಿದ್ದ, ತನಗೆ ಅವನು ತಂದೆಯ ಸಮಾನ ಎಂದರು. ಹೇಳುತ್ತ ಹೇಳುತ್ತ ಕರವಸ್ತ್ರ ತೆಗೆದು ಕಣ್ಣು ಒರೆಸಿಕೊಂಡರು. ಮುಂದಿನ ಸಾಲಿನ ಹೆಂಗಸರೂ ಒರೆಸಿಕೊಂಡರು. ತನಗಿಂತ ಎರಡೇ ದಿನಕ್ಕೆ ಹಿರಿಯನಾದವನನ್ನು ತಂದೆ ಮಾಡಿಕೊಂಡು ಅಳುವ ಮನುಷ್ಯನನ್ನು ನಾನು ಆವತ್ತೇ ನೋಡಿದ್ದು.

ಕೊನೆಗೆ ಅಂಗಾರನ ಕೈಗೆ ಮೈಕು ಕೊಟ್ಟರು. ಈಗ ಹೇಳಿಬಿಡುತ್ತಾನೆ ಎಂದುಕೊಂಡೆ. ಹೇಳಲಿ ಎಂದೂ ಇತ್ತು, ಹೇಳದಿರಲಿ ಎಂದೂ ಇತ್ತು. ಅವನು ಒಮ್ಮೆ ಧನಿಗಳ ಕಡೆ ನೋಡಿದ.

"ಧನಿಗಳು ಹೇಳಿದ್ದು ಹೌದು. ಅವರು ಆಗ ಸಣ್ಣವರು, ನಾನು ಹೊತ್ತುಕೊಂಡು ಹೋಗ್ತಿದ್ದೆ," ಎಂದ. ಚಪ್ಪಾಳೆ ಬಿತ್ತು. ಅದು ನಿಲ್ಲುವ ತನಕ ಕಾದು ಅವನು ಮುಂದುವರಿಸಿದ. "ಇನ್ನೊಂದು ಉಂಟು. ಇದಿನಬ್ಬರಿಗೆ ಗಂಜಿ ಕೊಡುವಾಗ ಎಡದ ಬದಿಯಿಂದ ಕೊಡ್ಬೇಕು. ಬಲದ ಬದಿಯಿಂದ ಕೊಟ್ರೆ ಗಂಟ್ಲಿಗೆ ಇಳಿಯುದಿಲ್ಲ, ಕೆಮ್ಮು ಹತ್ತುತ್ತದೆ. ಮತ್ತೆ ಅವರು ಮಾತಾಡುವಾಗ ಸ್ವಲ್ಪ ಹೊತ್ತು..."

ಕಾರ್ಯಕ್ರಮ ನಿರೂಪಿಸುತ್ತಿದ್ದವರು ನಗುತ್ತ ಬಂದು ಮೈಕು ತೆಗೆದುಕೊಂಡರು. ಮಕ್ಕಳ ಡ್ಯಾನ್ಸಿಗೆ ತಡವಾಗುತ್ತಿತ್ತು. ಎಲ್ಲರೂ ಇನ್ನೊಮ್ಮೆ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಮರುದಿನ ಬೆಳಿಗ್ಗೆ ಅವನ ವೀಸಾ ರದ್ದಿನ ಕಾಗದವನ್ನು ಟೈಪು ಮಾಡಿದ್ದೂ ನಾನೇ. ಆ ವಾರವೇ ಅಂಗಾರ ಹೊರಟುಹೋದ.

ಸಹಮ್‌ಗೆ ಆಂಡ್ರ್ಯೂ ಬಂದ. ಕುಂದಾಪುರದ ಕಡೆಯವನು, ನಲವತ್ತು ವರ್ಷ, ಆಸ್ಪತ್ರೆಯಲ್ಲಿ ಕೆಲಸ ಮಾಡಿದವನು, ಸರ್ಟಿಫಿಕೇಟು ಇದ್ದವನು. ಒಳ್ಳೆಯ ಮನುಷ್ಯ, ಅವನ ಮೇಲೆ ಹೇಳುವಂಥದು ಏನೂ ಇಲ್ಲ. ಬಚ್ಚಲಿಗೆ ಕಂಬಿ ಹಾಕಿಸಿದೆವು. ಪರವಾನಗಿ ಬಂತು, ಅದನ್ನು ಗೋಡೆಗೆ ತೂಗುಹಾಕಿದೆವು. ಭೋಜರಾಜರು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು, ಮುಂದಿನ ತಿಂಗಳು ಜನರಲ್ ಮ್ಯಾನೇಜರೂ ಆದರು. ಅಂಗಾರ ಊರಿಂದ ಯಾರ ಕೈಯಲ್ಲೋ ಬರೆಸಿದ ಒಂದು ಕಾಗದ ಬಂತು. ಕ್ಷೇಮ ಎಂದು ಒಂದೇ ಸಾಲು, ಉಳಿದದ್ದೆಲ್ಲ ಇದಿನಬ್ಬ ಊಟ ಮಾಡುತ್ತಾನೋ ಇಲ್ಲವೋ ಎಂಬ ಪ್ರಶ್ನೆ.

ಇದಿನಬ್ಬ ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಮೇ ತಿಂಗಳಲ್ಲಿ ತಪಾಸಣೆಯ ಪುಸ್ತಕಕ್ಕೆ ಮುದ್ರೆ ಹಾಕಿಸಲು ನಾನು ಹೋದಾಗ ಅವನು ಅರ್ಧ ಆಳಾಗಿದ್ದ. ಬೆನ್ನಿನಲ್ಲಿ ಎರಡು ಕಡೆ ಚರ್ಮ ಎದ್ದಿತ್ತು. ಆಂಡ್ರ್ಯೂ ನನ್ನನ್ನು ಪಕ್ಕಕ್ಕೆ ಕರೆದ. ಮುದುಕ ದಿನಾ ನಿಮ್ಮನ್ನೇ ಕೇಳುತ್ತಾನೆ, ಏನೋ ಹೇಳಬೇಕಂತೆ, ನನಗೆ ತಿಳಿಯುತ್ತಿಲ್ಲ, ಇವತ್ತಾದರೂ ಪೂರ್ತಿ ಕೇಳಿ ಹೋಗಿ, ಎಂದ. ಫೈಲನ್ನು ಹೊರಗಿಟ್ಟು ಮೊದಲ ಬಾರಿಗೆ ಅವನ ತಲೆಯ ಬಳಿ, ಎಡದ ಬದಿಗೆ ಕೂತೆ. ಒಂದೊಂದು ಮಾತಿಗೂ ಹೊತ್ತು ಹಿಡಿಯಿತು. ತಡೆತಡೆದು ಅವನು ಹೇಳಿದ್ದನ್ನು ನೇರವಾಗಿಯೇ ಬರೆಯುತ್ತೇನೆ.

"ಅಂಗಾರ ಹುಟ್ಟಿದ ದಿವಸ ನಂಗೆ ಹತ್ತು ವರ್ಷ. ನನ್ನ ಉಮ್ಮ ಕೊಟ್ಟ ಒಣಮೀನು ಅವನ ಗುಡಿಸಲಿಗೆ ತಗೊಂಡು ಹೋದದ್ದು ನಾನು. ಒಳಗೆ ಮಗು ಅಳ್ತಾ ಇತ್ತು. ಸಾಕ್ಷಿ ಹೇಳ್ಲಿಕ್ಕೆ ನಾನು ಇದ್ದೆ ಸಾರ್."

ನಾನು ಅವನ ಬಾಯಿಯ ಹತ್ತಿರಕ್ಕೆ ಬಗ್ಗಿದೆ. ಆಂಡ್ರ್ಯೂ ಬಾಗಿಲಲ್ಲಿ ನಿಂತಿದ್ದ. ಇದಿನಬ್ಬ ಉಸಿರು ತೆಗೆದುಕೊಂಡ.

"ಅಂಗಾರನಿಗೆ ಹೇಳಿದೆ, ಬೇಡ ಅಂದ. ಧನಿಗಳು ಆಗುದಿಲ್ಲ ಅಂದ ಮೇಲೆ ಬೇರೆಯವರು ಹೇಳಿದ್ರೆ ಧನಿಗಳಿಗೆ ಬೇಜಾರಾಗ್ತದೆ ಅಂದ. ನಿಮಗೆ ಎರಡು ಸಲ ಹೇಳಿದೆ. ನೀವು ಬರೀತಾ ಇದ್ರಿ. ಹೂಂ ಹೂಂ ಅಂದ್ರಿ."